ನೂರಾ ಹದಿನಾಲ್ಕರ ಸಿಟ್ಟು

ಪುಷ್ಪಾವತಿಗೆ ಸಿಟ್ಟು ಬಂದರೆ ಯಾರೂ ಅವಳ ಮುಖ ನೋಡುತ್ತಿರಲಿಲ್ಲ, ಸೊಂಟ ನೋಡುತ್ತಿದ್ದರು. ಅಲ್ಲಿ ಸೀರೆಯ ಮಡಿಕೆಗೆ ಸಿಕ್ಕಿಸಿದ ಪುಟ್ಟ ಯಂತ್ರವೊಂದು ಇರುತ್ತಿತ್ತು. ಅದರ ಸಣ್ಣ ನಳಿಕೆ ಹೊಟ್ಟೆಯ ಚರ್ಮದೊಳಗೆ ಇಳಿದು ಹನಿಹನಿಯಾಗಿ ಇನ್ಸುಲಿನ್ ಬಿಡುತ್ತಿತ್ತು. ತೋಳಿಗೆ ಅಂಟಿಸಿದ ರೂಪಾಯಿ ಅಗಲದ ಬಿಲ್ಲೆ ಐದೈದು ನಿಮಿಷಕ್ಕೊಮ್ಮೆ ಸಕ್ಕರೆ ಅಳೆದು ಹೇಳುತ್ತಿತ್ತು, ಯಂತ್ರ ಅದನ್ನು ಕೇಳಿಕೊಂಡು ತಾನೇ ಇನ್ಸುಲಿನ್ ಹೆಚ್ಚು ಕಡಿಮೆ ಮಾಡುತ್ತಿತ್ತು. ಇಷ್ಟೆಲ್ಲ ಇದ್ದ ಮೇಲೂ ಅವಳು ಒಂದು ದನಿ ಎತ್ತಿದರೆ ಸಾಕು, "ಶುಗರ್ ಡೌನ್ ಆಗೈತೆ, ಚೂರು ಬೆಲ್ಲ ಕೊಡ್ರಿ" ಎಂದು ಯಾರಾದರೂ ಓಡುತ್ತಿದ್ದರು. ಬಾಯಿಗೆ ಬೆಲ್ಲ ಬಿತ್ತೆಂದರೆ ಮಾತು ಅಲ್ಲಿಗೇ ಮುಗಿಯಿತು. ಇಂಥ ಸುಲಭದ ಉಪಾಯ ಕೈಯಲ್ಲಿದ್ದರೆ ಯಾರು ತಾನೇ ಅವಳ ಮಾತಿಗೆ ಉತ್ತರ ಹುಡುಕುತ್ತಾರೆ?

ಮೊದಮೊದಲು ಅದು ಸುಳ್ಳೂ ಆಗಿರಲಿಲ್ಲ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಅವಳ ತವರು. ಹನ್ನೊಂದನೇ ವಯಸ್ಸಿಗೆ ಅವಳ ಮೈ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿತು. ಅವತ್ತಿನಿಂದ ದಿನಕ್ಕೆ ನಾಲ್ಕು ಸೂಜಿ. ಸೂಜಿ ಹಾಕಿಸಿಕೊಂಡು ಊಟ ತಡವಾದರೆ ಸಕ್ಕರೆ ಕುಸಿದು, ಕೈ ನಡುಗಿ, ಮೈ ಬೆವತು, ಎದುರಿಗೆ ಸಿಕ್ಕವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಒಮ್ಮೆ ಸೋದರತ್ತೆಯ ಮೇಲೆ ತಾಟು ಎಸೆದದ್ದೂ ಉಂಟು, ಆಮೇಲೆ ಅವಳಿಗೆ ಅದರ ನೆನಪೇ ಇರಲಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹೈಸ್ಕೂಲಿನಲ್ಲಿ ಬೇಕೆಂದೇ ಜಗಳ ತೆಗೆದು, ಆಮೇಲೆ "ಶುಗರ್ ಡೌನ್ ಆಗಿತ್ತು ಸಾರ್" ಎಂದು ಅವಳೂ ಎರಡು ಮೂರು ಸಲ ಬಚಾವಾಗಿದ್ದಳು.

ಎರಡು ವರ್ಷದ ಹಿಂದೆ ಈ ಪಂಪು ಕೊಡಿಸಿದವನು ಅಣ್ಣ ಓಂಕಾರ್. ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟವನು. ತಂಗಿ ಎಂದರೆ ಜೀವ. ಜೀವ ಎಷ್ಟೆಂದರೆ, ಅವಳ ಸಕ್ಕರೆ ತನ್ನ ಫೋನಿನಲ್ಲೂ ಕಾಣುವ ಹಾಗೆ ಮಾಡಿಸಿಕೊಂಡಿದ್ದ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಹತ್ತಿರದ ಗಂಡನ ಊರಿನಲ್ಲಿ ಅವಳು ಕೂತು ಒಂದು ಹಿಡಿ ಮಂಡಕ್ಕಿ ತಿಂದರೆ ಚನ್ನಗಿರಿಯಿಂದ ಫೋನು ಬರುತ್ತಿತ್ತು.

"ಇನ್ನೂರ ಹತ್ತು ತೋರಿಸ್ತೈತೆ. ಏನ್ ತಿಂದಿ?"

"ಮಂಡಕ್ಕಿ."

"ತಿನ್ನಾಕೆ ಮುಂಚೆ ಮಷೀನಿಗೆ ಹೇಳ್ದೇನು?"

ಹೇಳಬೇಕಿತ್ತು. ಯಂತ್ರ ಎಷ್ಟೇ ಜಾಣ ಆದರೂ ಊಟಕ್ಕೆ ಮುಂಚೆ ಇಷ್ಟು ರೊಟ್ಟಿ, ಇಷ್ಟು ಅನ್ನ ಎಂದು ಅದಕ್ಕೆ ವರದಿ ಒಪ್ಪಿಸಬೇಕು. ಮೂರು ದಿನಕ್ಕೊಮ್ಮೆ ನಳಿಕೆ ಬದಲಿಸಿ ಹೊಸ ಜಾಗದಲ್ಲಿ ಚುಚ್ಚಿಕೊಳ್ಳಬೇಕು. ಬೇಸಿಗೆಯಲ್ಲಿ ಅಂಟಿನ ಕೆಳಗೆ ಚರ್ಮ ಕೆರೆತ ಹತ್ತಿ ಪ್ರಾಣ ಹಿಂಡುತ್ತಿತ್ತು. ಆದರೂ ಅವಳಿಗೆ ಅದರ ಮೇಲೆ ದೂರಿರಲಿಲ್ಲ. ಸಕ್ಕರೆ ಇಳಿಯುವ ಸೂಚನೆ ಕಂಡೊಡನೆ ಅದು ಇನ್ಸುಲಿನ್ ನಿಲ್ಲಿಸಿಬಿಡುತ್ತಿತ್ತು. ಕೈ ನಡುಗುವುದು, ಮೈ ಬೆವರುವುದು ಹೆಚ್ಚುಕಡಿಮೆ ನಿಂತೇಹೋಯಿತು.

ಸಿಟ್ಟು ಮಾತ್ರ ನಿಲ್ಲಲಿಲ್ಲ. ಅದು ಗೊತ್ತಾದದ್ದು ಒಂದು ಮಧ್ಯಾಹ್ನ. ಗೆಳತಿಯೊಬ್ಬಳು ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದಾಗ ಗಂಡ ಪ್ರದೀಪ್ ಬಾಗಿಲಲ್ಲೇ ನಿಂತು, "ಅವಳಿಗೆ ಮಷೀನು ಹಾಕ್ಯಾರಲ್ಲ, ಬರಾಕೆ ಆಗಲ್ಲ" ಎಂದು ಅವಳನ್ನು ಕೇಳದೆಯೇ ಹೇಳಿ ಕಳಿಸಿದ. ಒಳಗಿದ್ದವಳಿಗೆ ಕೇಳಿಸಿತು. ಹೊರಗೆ ಬಂದವಳೇ ಹಂಚು ಹಾರಿಹೋಗುವ ಹಾಗೆ ಕೂಗಾಡಿದಳು. ಪ್ರದೀಪ್ ಹೆದರಿ ಗ್ಲೂಕೋಸ್ ಕಲಸಿಕೊಂಡು ಬಂದ. ಕುಡಿಯುವ ಮುಂಚೆ ಅವಳು ಯಂತ್ರ ನೋಡಿಕೊಂಡಳು. ನೂರಾ ಇಪ್ಪತ್ತೊಂದು. ಎಪ್ಪತ್ತರ ಕೆಳಗೆ ಇಳಿದರೆ ತಾನೇ ಡೌನ್. ಪಕ್ಕದ ಬಾಣ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ.

ಹಾಗಾದರೆ ಈ ಸಿಟ್ಟು ಕಾಯಿಲೆಯದಲ್ಲ, ನನ್ನದೇ ಎಂದುಕೊಂಡಳು. ಇಪ್ಪತ್ತಮೂರು ವರ್ಷದಿಂದ ಬೇರೆಯವರ ವಶದಲ್ಲಿದ್ದ ವಸ್ತುವೊಂದು ಮನೆಗೆ ಮರಳಿದಷ್ಟು ಖುಷಿಯಾಯಿತು ಅವಳಿಗೆ. ಗ್ಲೂಕೋಸ್ ನೀರನ್ನು ಗಂಡನಿಗೇ ಕುಡಿಸಿದಳು.

ಇನ್ನು ಡೈರಿಯ ವಿಷಯ. ಊರಿನ ಹಾಲಿನ ಸಂಘದಲ್ಲಿ ಪುಷ್ಪಾವತಿ ಒಂಬತ್ತು ವರ್ಷದಿಂದ ಟೆಸ್ಟರ್. ಬೆಳಿಗ್ಗೆ ಆರಕ್ಕೆ ಬೀಗ ತೆಗೆದು, ಸಾಲಿನಲ್ಲಿ ಬಂದವರ ಹಾಲಿನಲ್ಲಿ ಒಂದಿಷ್ಟು ತೆಗೆದು, ಡಿಗ್ರಿ ನೋಡಿ, ಫ್ಯಾಟ್ ನೋಡಿ, ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಡಿಗ್ರಿ ಇಪ್ಪತ್ತಾರಕ್ಕಿಂತ ಕೆಳಗೆ ಬಂದರೆ ನೀರು ಬಿದ್ದಿದೆ ಎಂದೇ ಅರ್ಥ, ಅಂಥ ಹಾಲು ವಾಪಸ್ಸು. ಆ ಊರಿನಲ್ಲಿ ಅವಳನ್ನು ಇಂಥವರ ಹೆಂಡತಿ ಎಂದು ಯಾರೂ ಕರೆಯುತ್ತಿರಲಿಲ್ಲ, ಟೆಸ್ಟರ್ ಪುಷ್ಪಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಅದೇ ದೊಡ್ಡದು.

ಸಂಘದ ಅಧ್ಯಕ್ಷ ಗುರುಬಸವರಾಜ್. ಅವನ ಮನೆಯ ಇಪ್ಪತ್ತು ಲೀಟರಿನ ಕ್ಯಾನು ಮಾತ್ರ ಹಿಂದಿನಿಂದಲೂ ಟೆಸ್ಟ್ ಇಲ್ಲದೆ ಒಳಗೆ ಹೋಗುತ್ತಿತ್ತು. ಅದಕ್ಕೊಂದು ಅಂದಾಜಿನ ಫ್ಯಾಟ್ ಬರೆಯುವುದು ವಾಡಿಕೆ. ಪುಷ್ಪಾವತಿಯೂ ಒಂಬತ್ತು ವರ್ಷ ಬರೆದಿದ್ದಳು. ಇದು ಅವಳ ತಪ್ಪೇ, ಅವಳೂ ಇಲ್ಲ ಎನ್ನುತ್ತಿರಲಿಲ್ಲ.

ಹೋದ ಆಷಾಢದಲ್ಲಿ ಒಂದು ದಿನ ದುರುಗಕ್ಕನ ಹಾಲಿಗೆ ಡಿಗ್ರಿ ಬರಲಿಲ್ಲ. ಒಂದೇ ಹಸು ಕಟ್ಟಿಕೊಂಡ ಮುದುಕಿ. ಇಪ್ಪತ್ನಾಲ್ಕು ಬಂದಿತ್ತು, ಪುಷ್ಪಾವತಿ ವಾಪಸ್ಸು ಕಳಿಸಿದಳು. ದುರುಗಕ್ಕ ಜಗಳ ಆಡಲಿಲ್ಲ, ತಂಬಿಗೆ ಎತ್ತಿಕೊಂಡು ಹೋದಳು. ಮರುವಾರ, ಮಂಗಳವಾರ ಬೆಳಿಗ್ಗೆ, ಅಧ್ಯಕ್ಷರ ಕ್ಯಾನು ಎಂದಿನಂತೆ ಒಳಗೆ ಹೋಗುವಾಗ ಸಾಲಿನಲ್ಲಿದ್ದ ದುರುಗಕ್ಕ ಬಾಯಿಬಿಟ್ಟಳು.

"ಪುಷ್ಪವ್ವಾ, ಅದ್ರಾಗೂ ಒಂದು ಲೋಟ ತೆಗ್ದು ನೋಡವ್ವಾ. ನಮ್ಮದಷ್ಟೇ ಹಾಲೇನು?"

ಪುಷ್ಪಾವತಿಗೆ ಮುಖಕ್ಕೆ ಹೊಡೆದಂತಾಯಿತು. ಲೋಟ ತೆಗೆದಳು. ಡಿಗ್ರಿ ಇಪ್ಪತ್ತೊಂದು. ಫ್ಯಾಟ್ ಎರಡು ಪಾಯಿಂಟ್ ಆರು. ಮತ್ತೊಮ್ಮೆ ನೋಡಿದಳು, ಅಷ್ಟೇ ಬಂತು. ಪುಸ್ತಕದಲ್ಲಿ ಬರೆದು ಕ್ಯಾನನ್ನು ಹೊರಗಿಡಿಸಿದಳು.

ಹತ್ತು ನಿಮಿಷದಲ್ಲಿ ಗುರುಬಸವರಾಜನ ಬೈಕು ಬಂದು ನಿಂತಿತು.

"ಮಷೀನು ಕೆಟ್ಟಿರ್ಬೇಕು, ನೋಡಮ್ಮ."

"ಕೆಟ್ಟಿಲ್ಲ ಅಧ್ಯಕ್ಷ್ರೇ. ನಿಮ್ಮೆದುರಿಗೇ ಇನ್ನೊಂದ್ಸಲ ನೋಡ್ತೀನಿ."

ನೋಡಿದಳು. ಇಪ್ಪತ್ತೊಂದು. ಅವನು ಸಾಲಿನಲ್ಲಿದ್ದವರ ಕಡೆ ತಿರುಗಿ ನಕ್ಕ. "ಪಾಪ, ಶುಗರ್ ಡೌನ್ ಆಗೈತೆ ಹುಡುಗಿಗೆ. ಕಣ್ಣು ಮಂಜಾಗ್ತೈತಂತೆ. ಯಾರಾದ್ರೂ ಚಾ ಕೊಡ್ರಪ್ಪ."

ಆ ನಗುವಿಗೆ ಪುಷ್ಪಾವತಿಯ ಮೈಯೆಲ್ಲ ಉರಿದುಹೋಯಿತು. "ನನ್ನ ಕಣ್ಣು ನೆಟ್ಟಗೈತೆ! ನಿಮ್ಮ ಹಾಲಿಗೆ ನೀರು ಬಿದ್ದೈತೆ! ಒಂಬತ್ತು ವರ್ಷ ಸುಳ್ಳು ಬರೆಸಿದ್ದು ಸಾಕು, ಎತ್ಕಂಡು ಹೋಗ್ರಿ ನಿಮ್ಮ ಕ್ಯಾನು!" ಎಂದು ಬೀದಿಯ ಆ ತುದಿಗೆ ಕೇಳುವಂತೆ ಕೂಗಿದಳು. ಸಾಲಿನಲ್ಲಿದ್ದವರು ತಲೆ ತಗ್ಗಿಸಿ ನೆಲ ನೋಡಿದರು. ಅವನು ಕ್ಯಾನು ಬಿಟ್ಟು ಹೋದ.

ಶನಿವಾರ ಕಮಿಟಿ ಸಭೆ ಎಂದು ನೋಟೀಸು ಬಂತು. ಅದಕ್ಕೂ ಮುಂಚೆ ಬಂದವನು ಓಂಕಾರ್. ಗುರುಬಸವರಾಜನ ತೋಟದ ಅಡಿಕೆ ಅವನ ಮಂಡಿಗೇ ಬರುವುದು, ಹಾಗಾಗಿ ಸುದ್ದಿ ಅವನಿಗೆ ಮೊದಲೇ ತಲುಪಿತ್ತು.

"ಎಲ್ಲ ಮಾತಾಡೀನಿ ಪುಷ್ಪಾ. ಭಾಳ ಸುಲಭ ಐತೆ. ಆ ದಿನ ಶುಗರ್ ಡೌನ್ ಆಗಿತ್ತು, ನೋಡಾಕೆ ತಪ್ಪಾತು, ಬಾಯಿತಪ್ಪಿ ಮಾತಾಡ್ದೆ ಅಂತ ಎರಡು ಸಾಲು ಬರ್ಕೊಡು. ನಿನ್ನ ಕೆಲಸ ನಿಂಗೆ, ಅವರ ಮರ್ಯಾದೆ ಅವರಿಗೆ."

"ಶುಗರ್ ಡೌನ್ ಆಗಿರ್ಲಿಲ್ಲ ಅಣ್ಣಾ."

"ಆಗಿತ್ತೋ ಬಿಡ್ತೋ ಯಾರು ಕೇಳ್ತಾರೆ? ಬರಿಲಿಲ್ಲ ಅಂದ್ರೆ ಕೆಲಸದಿಂದ ತೆಗಿತಾರೆ."

ಪ್ರದೀಪನೂ ಅದನ್ನೇ ಹೇಳಿದ. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು, ಅದೇ ಅವಳಿಗೆ ಹೊಟ್ಟೆ ಉರಿಸಿದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇವರು ಅವಳನ್ನು ತಪ್ಪಿನಿಂದ ಬಿಡಿಸುತ್ತೇವೆ ಎಂದು ಅವಳ ಬುದ್ಧಿಯನ್ನೇ ಕಿತ್ತುಕೊಳ್ಳಲು ಬಂದಿದ್ದರು. ಒಮ್ಮೆ ಆ ಕಾಗದಕ್ಕೆ ಸಹಿ ಬಿದ್ದರೆ, ನಾಳೆ ಅವಳು ಯಾರ ಹಾಲು ವಾಪಸ್ಸು ಕಳಿಸಿದರೂ ಅವರು ಚಾ ತರಿಸುತ್ತಾರೆ. ಕೆಲಸ ಉಳಿಯುತ್ತದೆ, ಟೆಸ್ಟರ್ ಉಳಿಯುವುದಿಲ್ಲ. ಅಷ್ಟು ತಿಳಿಯದಷ್ಟು ದಡ್ಡಿ ಅಲ್ಲ ಅವಳು.

ಶನಿವಾರ ಸಂಘದ ಕೋಣೆಯಲ್ಲಿ ಏಳು ಜನ ಕಮಿಟಿಯವರು ಕೂತಿದ್ದರು. ಓಂಕಾರ್ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ. ಗುರುಬಸವರಾಜ್ ಬಿಳಿ ಹಾಳೆ, ಪೆನ್ನು ಅವಳ ಮುಂದೆ ಸರಿಸಿದ. ಅವನ ದನಿಯಲ್ಲಿ ಬೆಣ್ಣೆ ಕರಗುತ್ತಿತ್ತು.

"ನಂಗೇನೂ ಬೇಜಾರಿಲ್ಲಮ್ಮ. ಕಾಯ್ಲೆ ಯಾರಪ್ಪನ ಮನೇದು? ಬರ್ಕೊಟ್ಟು ಸೋಮವಾರದಿಂದ ಕೆಲ್ಸಕ್ಕೆ ಬಾ. ಬರಿಯಾಕೆ ಆಗಲ್ಲ ಅಂದ್ರೆ ಇವತ್ತೇ ಬೀಗದ ಕೈ ಕೊಟ್ಟು ಹೋಗು."

ಕಮಿಟಿಯ ಹಿರಿಯಳು ಸರ್ವಮಂಗಳಮ್ಮ ಅವಳ ಬೆನ್ನು ಸವರಿದಳು. "ಬರಿಯವ್ವ. ಶುಗರಿನವಳು ಅಂತ ಊರಿಗೇ ಗೊತ್ತು. ಯಾರೂ ತಪ್ಪು ತಿಳ್ಕಳಲ್ಲ."

ಪುಷ್ಪಾವತಿ ಆ ಕೈಯನ್ನು ತೆಗೆದಿಟ್ಟಳು. ಬಾಗಿಲ ಕಡೆ ತಿರುಗಿದಳು.

"ಅಣ್ಣಾ, ನಿನ್ನ ಫೋನಿನಾಗೆ ನನ್ನ ಶುಗರ್ ಎಲ್ಲ ಐತಲ್ಲ. ಮಂಗಳವಾರ ಬೆಳಿಗ್ಗೆ ಏಳಕ್ಕೆ ಎಷ್ಟಿತ್ತು ಓದು."

"ಈಗ್ಯಾಕೆ ಅದು? ಸುಮ್ಕೆ ಬರಿ."

"ಮಂಡಕ್ಕಿ ತಿಂದ್ರೆ ಚನ್ನಗಿರಿಯಿಂದ ಓದ್ತಿದ್ಯಲ್ಲ, ಈಗ ಎದುರಿಗೇ ಕೂತಿ. ಓದು!"

ಓಂಕಾರ್ ಫೋನು ತೆಗೆದ, ಬೆರಳಾಡಿಸಿದ, ಗುರುಬಸವರಾಜನ ಮುಖ ಒಮ್ಮೆ ನೋಡಿದ. ಅವಳು ಅವನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. ಎರಡು ವರ್ಷದಿಂದ ಹಗಲೂ ರಾತ್ರಿ ಆ ಅಂಕಿಗಳನ್ನು ಕಾಯ್ದವನು ಅವನು. ಏನು ಮಾಡಿದರೂ ಅವನ ಬಾಯಲ್ಲಿ ತಪ್ಪು ಅಂಕಿ ಬರಲಿಲ್ಲ.

"ನೂರಾ ಹದಿನಾಲ್ಕು," ಎಂದ, ತಲೆ ಬಗ್ಗಿಸಿ.

"ಅದಾದ ಮೇಲೆ?"

"ನೂರಾ ಹದಿನೈದು. ನೂರಾ ಹದಿನಾಲ್ಕು. ಎಲ್ಲೂ ಇಳಿದಿಲ್ಲ."

"ಅವೆಲ್ಲ ನಮಗೆ ತಿಳಿಯಲ್ಲ," ಎಂದ ಗುರುಬಸವರಾಜ್. ಬೆಣ್ಣೆ ಹೋಗಿತ್ತು. "ಬರಿತೀಯೋ ಇಲ್ವೋ?"

"ಬರಿತೀನಿ," ಎಂದಳು ಪುಷ್ಪಾವತಿ. ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂಬತ್ತು ವರ್ಷ ಡೈರಿಯ ಪುಸ್ತಕ ತುಂಬಿಸಿದ ಅದೇ ದುಂಡನೆಯ ಅಕ್ಷರದಲ್ಲಿ ಬರೆದಳು:

'ಮಂಗಳವಾರ ಬೆಳಿಗ್ಗೆ ಏಳು ಗಂಟೆಗೆ ಅಧ್ಯಕ್ಷರ ಹಾಲಿನ ಡಿಗ್ರಿ ಇಪ್ಪತ್ತೊಂದು ಇತ್ತು. ಅದೇ ಹೊತ್ತಿಗೆ ನನ್ನ ಸಕ್ಕರೆ ನೂರಾ ಹದಿನಾಲ್ಕು ಇತ್ತು. ಇದಕ್ಕೆ ಮುಂಚೆ ಒಂಬತ್ತು ವರ್ಷ ಅವರ ಹಾಲನ್ನು ಅಳೆಯದೆ ಬರೆದದ್ದು ನನ್ನ ತಪ್ಪು. ಆ ದಿನ ಕೂಗಾಡಿದ್ದು ಕಾಯಿಲೆಯಿಂದಲ್ಲ. ಸಿಟ್ಟು ಬಂದಿತ್ತು, ಕೂಗಾಡಿದೆ. ಈಗಲೂ ಸಿಟ್ಟಿದೆ.'

ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಡೈರಿಯ ಬೀಗದ ಕೈಯನ್ನು ಹಾಳೆಯ ಮೇಲಿಟ್ಟು ಎದ್ದು ನಡೆದಳು.