ಕಿವಿ ಕೊಯ್ದ ಕುರಿಗಳು

ನಮ್ಮ ಊರಿನಿಂದ ಮಂತ್ರಿಯಾದವನ ಬಗ್ಗೆ ಹೇಳು, ಬರೆದುಕೊಂಡು ಶಾಲೆಯ ಮಕ್ಕಳಿಗೆ ಓದಿಸುತ್ತೇನೆ ಎಂದು ಮಾಸ್ತರು ಕೇಳಿದರು. ಅವನ ಹಟ್ಟಿಗೆ ಹತ್ತಿಯೇ ನಮ್ಮ ಹಟ್ಟಿ ಇತ್ತು. ನನಗೆ ಗೊತ್ತಿರುವುದು ಇಷ್ಟು.

ನಿಜಾಮನ ಅಮಲಿನ ಕೊನೆಗೆ, ಗಲಾಟೆಯ ವರ್ಷ, ಹಳ್ಳಿಗಳಿಗೆ ಬೆಂಕಿ ಬೀಳುತ್ತಿತ್ತು. ನಾವು ಸುರಪುರ ದಾಟಿ, ಹೊಳೆ ದಾಟಿ ಆಚೆ ಸೀಮೆಗೆ ಓಡಿದೆವು. ಹೊಳೆ ತುಂಬಿತ್ತು, ಹರಿಗೋಲಿನಲ್ಲಿ ಮನುಷ್ಯರಿಗೇ ಜಾಗವಿರಲಿಲ್ಲ. ಕುರಿಗಳನ್ನೆಲ್ಲ ಅವನಿಗೆ ಒಪ್ಪಿಸಿ ಹೋಗಿದ್ದೆವು. ಅವನು ಊರು ಬಿಡಲಿಲ್ಲ. ಹೊಡೆಯುವವರಿಗೂ ಬೇಕಾದವನು, ಹೊಡೆಸಿಕೊಳ್ಳುವವರಿಗೂ ಬೇಕಾದವನು.

ನಿಜಾಮನ ಅಮಲು ಮುಗಿದು ತಿರುಗಿ ಬಂದಾಗ ಹಟ್ಟಿ ಖಾಲಿ. ಲೂಟಿಯವರು ಹೊಡೆದುಕೊಂಡು ಹೋದರು ಎಂದು ಅವನು ಅತ್ತ. ನನ್ನ ಗಂಡ ಅವನಿಗೇ ಸಮಾಧಾನ ಹೇಳಿದ, ಆಮೇಲೆ ಅವನ ಹೊಲದಲ್ಲೇ ಕೂಲಿಗೆ ನಿಂತ. ಆ ಬೇಸಿಗೆಯಲ್ಲಿ ನನ್ನ ಎದೆ ಬತ್ತಿತು. ಕುರಿಹಾಲೂ ಇಲ್ಲದೆ ಹಿರಿಮಗಳು ಸತ್ತಳು.

ಅವನು ಬಿಳಿ ಟೋಪಿ ಹಾಕಿದ. ಶಹಾಪುರದ ಸಂತೆಯಲ್ಲಿ ಬಂಡಿಯ ಮೇಲೆ ನಿಂತು, ಗಲಾಟೆಯಲ್ಲಿ ಊರಿನ ದನ ಕುರಿ ಕಾಯ್ದವನು ನಾನೇ ಎಂದ. ಮಂದಿ ಓಟು ಹಾಕಿದರು. ಗೆದ್ದ. ಊರಿಗೆಲ್ಲ ಊಟ ಹಾಕಿಸಿದ.

ಕಡಿದ ಕುರಿಗಳ ತಲೆ, ಕಾಲು ಸುಡುವ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಬಡವರ ಪಂಕ್ತಿಗೆ ಮುದಿ ಕುರಿ ಕಡಿದಿದ್ದರು. ನೋಡುತ್ತೇನೆ, ತಲೆಗಳಿಗೆ ಕಿವಿಯೇ ಇಲ್ಲ. ನಮ್ಮಲ್ಲಿ ಮರಿ ಇದ್ದಾಗಲೇ ಕಿವಿಗೆ ಕತ್ತರಿ ಹಾಕುತ್ತೇವೆ. ಒಂದೊಂದು ಮನೆಗೆ ಒಂದೊಂದು ಗುರುತು. ನಮ್ಮದು ಎಡಗಿವಿಯ ತುದಿಗೆ ಒಂದು ಸೀಳು. ಬುಡಸಮೇತ ಕೊಯ್ಯುವವನು ಕಳ್ಳ, ಗುರುತು ಅಳಿಸುವವನು. ಒಂದು ಕುರಿಗೆ ಮಾತ್ರ ಅವಸರದಲ್ಲಿ ಬಲಗಿವಿ ಕೊಯ್ದು ಎಡಗಿವಿ ಬಿಟ್ಟಿದ್ದ. ನಮ್ಮ ಸೀಳು ಹಾಗೆಯೇ ಇತ್ತು.

ಆ ತಲೆ ಹಿಡಿದುಕೊಂಡು ಅವನ ಮುಂದೆ ಹೋದೆ. ಕೊರಳ ತುಂಬ ಹಾರ. ಪಂಚರು ಅವನ ಪಕ್ಕದಲ್ಲೇ ಕಂಬಳಿಯ ಮೇಲೆ ಕುಳಿತು ಉಣ್ಣುತ್ತಿದ್ದರು.

“ಅಣ್ಣಾ, ಇದು ನಮ್ಮ ಕುರಿ ಅದ. ಉಳಿದವು ಎಲ್ಲಿ ಅವ, ಕೊಡು,” ಎಂದೆ.

ಅವನು ನಾಚಲಿಲ್ಲ. “ಇಲ್ಲೇ ಅವ ತಂಗಿ, ಊರ ಮಂದಿ ಹೊಟ್ಟ್ಯಾಗ. ನಿನ್ನ ಗಂಡನ್ನ ಕೇಳು, ಅವನೂ ಎರಡು ಸಲ ನೀಡಿಸ್ಕೊಂಡಾನ.”

ನಕ್ಕರು. ಪಂಚರೂ ನಕ್ಕರು. ತಿಂದವರು ಯಾವ ನ್ಯಾಯ ಹೇಳುತ್ತಾರೆ.

ಪಂಕ್ತಿಯಲ್ಲಿದ್ದ ಗಂಡನ ಮುಂದೆ ತಲೆ ಹಿಡಿದೆ. ಆ ಸೀಳು ಹಾಕಿದವನು ಅವನೇ. ನೋಡಿದ, ಕೈಯಲ್ಲಿದ್ದ ಎಲುಬು ಚೀಪಿದ.

“ಜವಾನನ ನೌಕರಿ ಕೊಡಸ್ತೀನಿ ಅಂದಾನ,” ಎಂದ. “ಬಾಯಿ ಮುಚ್ಚಿ ಹೋಗು, ತಲಿ ಸುಡು.”

ಹೋಗಿ ಸುಟ್ಟೆ. ಕಿವಿ ಎಲ್ಲಕ್ಕಿಂತ ಮೊದಲು ಸುಟ್ಟುಹೋಯಿತು.

ಅವನು ಹೈದರಾಬಾದಿಗೆ ಹೋದ, ಆಮೇಲೆ ಬೆಂಗಳೂರಿಗೆ ಹೋಗಿ ಮಂತ್ರಿಯಾದ. ಗಂಡ ಯಾದಗಿರಿಯ ಕಚೇರಿಯಲ್ಲಿ ಜವಾನನಾದ. ಮಂತ್ರಿ ಬಂದಾಗ ಕಾರಿನ ಬಾಗಿಲು ತೆಗೆಯುತ್ತಿದ್ದ, ಮಂತ್ರಿ ಅವನ ಮುಖ ನೋಡುತ್ತಿರಲಿಲ್ಲ. ಗಂಡ ಸತ್ತಾಗ ನಾನು ಅಳಲಿಲ್ಲ. ಅಳುವುದೆಲ್ಲ ಮಗಳಿಗೇ ಮುಗಿದಿತ್ತು.

ಮಂತ್ರಿ ಸತ್ತಾಗ ಹೆಣವನ್ನು ಊರಿಗೆ ತಂದು ಕುರ್ಚಿಯಲ್ಲಿ ಕೂರಿಸಿದ್ದರು. ಗಲಾಟೆಯಲ್ಲಿ ಊರು ಕಾಯ್ದವನು ಎಂದು ಮೈಕಿನಲ್ಲಿ ಹೇಳುತ್ತಿದ್ದರು. ನಾನೂ ಸಾಲಿನಲ್ಲಿ ನಿಂತೆ. ಹತ್ತಿರ ಹೋಗಿ ಹಾರ ಸರಿಸಿ ನೋಡಿದೆ. ಮೂಗಿಗೆ ಹತ್ತಿ ಇಟ್ಟಿದ್ದರು. ಕಿವಿ ಎರಡೂ ನೆಟ್ಟಗಿದ್ದವು.

ನಾನು ಕತ್ತರಿ ತಂದಿರಲಿಲ್ಲ.