ಮೂರನೆಯವರು ಬಂದರೆ ಏಳುವವಳು

ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ, ಮಾಂಸ ಬಿಟ್ಟ ಶುಕ್ರವಾರದ ಮೀನೂಟಕ್ಕೆ ನಮ್ಮ ಚರ್ಚಿನ ನೆಲಮಾಳಿಗೆಗೆ ಬರುವವರಿಗೆಲ್ಲ ಅರ್ಲೀನ್ ಕುಬಿಯಾಕಳ ಮೂಲೆ ಗೊತ್ತು. ಕೋಟು ತೂಗುಹಾಕುವ ಕಂಬಿಯ ಪಕ್ಕ, ಹೊರಬಾಗಿಲ ಗಾಳಿ ನೇರ ಬಡಿಯುವ ಕಡೆ, ಒಂದು ಸಣ್ಣ ಮೇಜು. ಅವಳು ಊಟ ಶುರುಮಾಡುತ್ತಿದ್ದದ್ದು ಅಲ್ಲಿ ಅಲ್ಲ. ತಮ್ಮ ಜೀನ್ ಕೂತ ಉದ್ದನೆಯ ಮೇಜಿನಲ್ಲೇ ಶುರುಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ರಾಯ್ ಲಿಂಡ್ನರ್ ತಟ್ಟೆ ಹಿಡಿದು ಅತ್ತ ಬರುತ್ತಿದ್ದ. ಅವನು ಕುರ್ಚಿ ಎಳೆಯುವ ಮುಂಚೆಯೇ ಅರ್ಲೀನ್ ತನ್ನ ಮೀನು, ಆಲೂಗಡ್ಡೆ ದೋಸೆ, ರೈ ಬ್ರೆಡ್ಡು ಎಲ್ಲವನ್ನೂ ಎತ್ತಿಕೊಂಡು ಮೂಲೆಗೆ ನಡೆದುಬಿಡುತ್ತಿದ್ದಳು.

ಜಗಳವೇನೂ ಇರಲಿಲ್ಲ. ಮೂವರೂ ಹೋಲ್ಟ್ ಪಾಯಿಂಟಿನ ಶಾಲಾ ಮಂಡಳಿಯ ಸದಸ್ಯರು, ಅಷ್ಟೆ. ಮಂಡಳಿಯಲ್ಲಿ ಇರುವುದು ಐದೇ ಜನ. ಅದರಲ್ಲಿ ಮೂವರು ಒಂದೆಡೆ ಸೇರಿ ಶಾಲೆಯ ಮಾತೆತ್ತಿದರೆ ಅದು ಸಭೆ. ಸಭೆಯೆಂದರೆ ಊರಿಗೆ ಮೊದಲೇ ತಿಳಿಸಿ, ಬಾಗಿಲು ತೆರೆದಿಟ್ಟು ನಡೆಸಬೇಕು. ಕಾನೂನು ಇಷ್ಟೇ. ಜೊತೆಗೆ ಕೂತು ಮೀನು ತಿನ್ನಬೇಡಿ ಎಂದು ಅದು ಎಲ್ಲೂ ಹೇಳುವುದಿಲ್ಲ. ಆದರೆ ಬಾಯಿ ತೆರೆದ ಮೇಲೆ ಒಳಗೆ ಹೋಗುವುದು ಮೀನು, ಹೊರಗೆ ಬರುವುದು ಏನೆಂದು ಯಾರಿಗೆ ಗೊತ್ತು ಎಂಬುದು ಅರ್ಲೀನಳ ವಾದ. ಕ್ರಿಸ್ಮಸ್ ಊಟಕ್ಕೆ ಜೀನ್ ಒಮ್ಮೆ ರಾಯ್‌ನನ್ನೂ ಕರೆದಿದ್ದನಂತೆ. ಅಂದು ಅವಳು ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡಳು ಎಂದು ಜೀನ್ ಊರೆಲ್ಲ ಹೇಳಿಕೊಂಡು ನಕ್ಕ. ಅಕ್ಕನನ್ನು ಆಡಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ.

ಅವಳು ಮಂಡಳಿಗೆ ಬಂದದ್ದು ಬಸ್ಸಿನ ಕಾರಣಕ್ಕೆ. ದಂತವೈದ್ಯರೊಬ್ಬರ ಬಳಿ ಬಂದವರ ಹೆಸರು ಕೂಗುವ ಕೆಲಸ ಅವಳದು. ಅಲ್ಲಿನ ಕಿಟಕಿಯಿಂದ ನೋಡಿದರೆ ಸರೋವರದ ಗಾಳಿಗೆ ಎದುರಾಗಿ ಹಿಮದಲ್ಲಿ ನಿಂತ ಶಾಲಾಮಕ್ಕಳು ಕಾಣುತ್ತಿದ್ದರು. ನಿಲ್ದಾಣವನ್ನು ಆಚೆ ಬದಿಗೆ ಸರಿಸಿ ಎಂದು ಕೇಳಲು ಸಭೆಗೆ ಹೋದಳು. ಮುಂದಿನ ತಿಂಗಳೂ ಹೋದಳು. ಅಷ್ಟು ಕಾಳಜಿಯಿದ್ದರೆ ನೀವೇ ಚುನಾವಣೆಗೆ ನಿಲ್ಲಿ ಎಂದು ಯಾರೋ ಬಾಯಿ ಮುಚ್ಚಿಸಲೆಂದು ಅಂದರು, ನಿಂತುಬಿಟ್ಟಳು. ಕೆಲ ವರ್ಷದ ಬಳಿಕ ಜೀನ್ ಕೂಡ ನಿಂತು ಗೆದ್ದ. ಅವಳಿಗೆ ಮದುವೆಯಾಗಿರಲಿಲ್ಲ, ತಂದೆತಾಯಿ ಹೋಗಿದ್ದರು, ಉಳಿದ ರಕ್ತಸಂಬಂಧ ಜೀನ್ ಒಬ್ಬನೇ. ಅವನು ಮಂಡಳಿಗೆ ಬಂದದ್ದಕ್ಕೆ ಊರು ಚಪ್ಪಾಳೆ ತಟ್ಟಿತು. ಅವಳು ಮಾತ್ರ ಇನ್ನು ಮೇಲೆ ಇವನ ಜೊತೆ ನೆಮ್ಮದಿಯಾಗಿ ಕೂತು ಉಣ್ಣುವ ಹಾಗಿಲ್ಲ ಎಂದು ನನ್ನ ಬಳಿ ಗೊಣಗಿದಳು. ನಾನು ಅವಳ ಎದುರುಮನೆಯವನು. ಸಭೆಗಳಲ್ಲಿ ಹಿಂದಿನ ಸಾಲಿನ ಮಡಿಸುವ ಕುರ್ಚಿಯಲ್ಲಿ ಕೂರುವ ಚಟ ನನಗಿದೆ. ಟೀವಿಗಿಂತ ಅದು ವಾಸಿ.

ಆ ಸಭೆಗಳನ್ನು ನೋಡಿದವರಿಗೆ ನಮ್ಮ ಶಾಲೆಗಳು ಹೇಗೆ ನಡೆಯುತ್ತವೆ ಎಂಬುದರ ಬಗ್ಗೆ ಭ್ರಮೆ ಉಳಿಯುವುದಿಲ್ಲ. ಧ್ವಜಕ್ಕೆ ವಂದನೆಯಾದ ಮೇಲೆ ಚಾವಣಿ ಸೋರುವ ವಿಷಯ. ಅದಾದ ಮೇಲೆ ವಾದ್ಯವೃಂದಕ್ಕೆ ಹೊಸ ತುತ್ತೂರಿ ಬೇಕೇ ಎಂಬ ವಿಷಯ. ನಡುವೆ ಊರಿನವರಿಗೆ ತಲಾ ಮೂರು ನಿಮಿಷ ಮಾತಾಡಲು ಅವಕಾಶ. ಅದರಲ್ಲಿ ಅರ್ಧ ಜನ ಮೈಕು ಸರಿಮಾಡಿಕೊಳ್ಳುವುದರಲ್ಲೇ ಕಳೆಯುತ್ತಾರೆ. ಶರತ್ಕಾಲದಲ್ಲಿ ರಾಜ್ಯದವರು ಮಕ್ಕಳ ಅಂಕ ನೋಡಿ ಪ್ರತಿ ಶಾಲೆಗೂ ದರ್ಜೆಯ ನಕ್ಷತ್ರ ಕೊಡುತ್ತಾರೆ. ಆಗ ಮಾತ್ರ ಸಭಾಂಗಣ ತುಂಬುತ್ತದೆ, ಏಕೆಂದರೆ ನಕ್ಷತ್ರ ಉದುರಿದರೆ ಮನೆಯ ಬೆಲೆಯೂ ಉದುರುತ್ತದೆ. ಮಕ್ಕಳ ಓದಿನ ಮೇಲೆ ಮಕ್ಕಳಿಲ್ಲದವರಿಗೆ ಅಷ್ಟೊಂದು ಪ್ರೀತಿ ಹುಟ್ಟುವುದು ಆ ಒಂದು ವಾರ.

ಲೇಕ್ ಸ್ಟ್ರೀಟಿನ ಪ್ರಾಥಮಿಕ ಶಾಲೆಗೆ ಒಂದಾದ ಮೇಲೊಂದು ವರ್ಷ ನಕ್ಷತ್ರ ಉದುರಿತು. ಮೇಷ್ಟ್ರುಗಳು ಕೆಟ್ಟವರೇನಲ್ಲ. ಮಕ್ಕಳೇ ಕಡಿಮೆ. ಮೂರನೇ ತರಗತಿಯ ಚೂಟಿಯಾದ ಅವಳಿ ಹುಡುಗಿಯರು ಊರು ಬಿಟ್ಟರೆ ಶಾಲೆಯ ದರ್ಜೆಯೇ ಒಂದು ಮೆಟ್ಟಿಲು ಇಳಿಯುತ್ತಿತ್ತು. ಇದ್ದ ಮಕ್ಕಳನ್ನು ದೊಡ್ಡ ಶಾಲೆಗೆ ಸೇರಿಸಿ ಇದನ್ನು ಮುಚ್ಚುವುದೇ ಸರಿ, ಇಲ್ಲದಿದ್ದರೆ ಹಣ ಸಾಲದೆ ಜಿಲ್ಲೆಯ ಎಲ್ಲ ಶಾಲೆಗಳೂ ಸೊರಗುತ್ತವೆ ಎಂದು ಜೀನ್ ಎರಡು ವರ್ಷ ಓಡಾಡಿ ಒಂದು ಯೋಜನೆ ಮಾಡಿದ. ಅಕ್ಕ, ತಮ್ಮ ಇಬ್ಬರೂ ಓದಿದ ಶಾಲೆ ಅದು. ಅರ್ಲೀನ್ ಆಗ ಮಂಡಳಿಯ ಅಧ್ಯಕ್ಷೆ. ಅವಳು ತಮ್ಮನ ಯೋಜನೆಯನ್ನು ಪದಪದ ಓದಿ, ಒಪ್ಪಿ, ಅತ್ತಳು. ಏಪ್ರಿಲ್ ಚುನಾವಣೆಗೆ ತಾನು ಮತ್ತೆ ನಿಲ್ಲುವುದಿಲ್ಲ, ಈ ಕೆಟ್ಟ ಹೆಸರನ್ನು ತಾನೇ ಹೊತ್ತು ಹೋಗುತ್ತೇನೆ ಎಂದು ನನಗೆ ಹೇಳಿದಳು. ಆಮೇಲೆ ಏನು ಮಾಡ್ತೀಯ ಎಂದು ಕೇಳಿದೆ.

“ಜೀನ್ ಪಕ್ಕದಲ್ಲಿ ಕೂತು ಒಂದು ಊಟ ಪೂರ್ತಿ ಮಾಡ್ತೀನಿ,” ಎಂದಳು.

ಮಂಡಳಿ ಆ ಯೋಜನೆಗೆ ಮತ ಹಾಕುವ ಮುಂಚಿನ ಶುಕ್ರವಾರ ಜೀನ್‌ನ ಹೆಂಡತಿ ತೀರಿಹೋಗಿ ಸರಿಯಾಗಿ ಒಂದು ವರ್ಷವಾಗಿತ್ತು. ಮೀನೂಟಕ್ಕೆ ಬಂದವನು ತಟ್ಟೆಯನ್ನೇ ನೋಡುತ್ತ ಕೂತಿದ್ದ. ಅರ್ಲೀನ್ ಪಕ್ಕದಲ್ಲಿ ಕೂತಳು. ರಾಯ್ ಬಂದು ಎದುರಿನ ಕುರ್ಚಿ ಎಳೆದ. ಅವಳು ಎಂದಿನಂತೆ ತಟ್ಟೆ ಎತ್ತಿಕೊಂಡಾಗ ಜೀನ್ ಅವಳ ತೋಳು ಹಿಡಿದ.

“ಇವತ್ತೊಂದು ದಿನ ಕೂತ್ಕೋ, ಲೀನಿ.”

ಲೀನಿ ಎಂದು ಅವನು ಕರೆದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅದು ಚಿಕ್ಕಂದಿನ ಹೆಸರಂತೆ. ಅವಳು ಕೂತಳು. ಪಕ್ಕದ ಮೇಜಿನಲ್ಲಿದ್ದ ನನಗೆ ಅವರ ಮಾತು ಕೇಳಿಸಲಿಲ್ಲ. ಜೀನ್ ಕಣ್ಣೊರೆಸಿಕೊಂಡದ್ದು ಕಂಡಿತು, ರಾಯ್ ಏನೋ ಹೇಳಿ ಅವನನ್ನು ನಗಿಸಿದ್ದು ಕಂಡಿತು. ಬಡಿಸುವವರು ಬಂದು ಹೋಗುತ್ತಿದ್ದರು. ಅರ್ಲೀನ್ ಕೊನೆಯ ಚೂರು ಬ್ರೆಡ್ಡಿನವರೆಗೂ ಅಲ್ಲೇ ಇದ್ದಳು.

ಸೋಮವಾರ ಮತದಾನವಾಯಿತು. ಜೀನ್, ರಾಯ್, ಅರ್ಲೀನ್ ಮುಚ್ಚುವ ಪರ, ಉಳಿದಿಬ್ಬರು ವಿರುದ್ಧ. ಹಿಂದಿನ ಸಾಲಿನಲ್ಲಿ ಕೆಲವು ತಾಯಂದಿರು ಅತ್ತರು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆವು.

ಮುಂದಿನ ಸಭೆಯಲ್ಲಿ ಕ್ರಿಸ್ಟಾ ವೆಂಟ್ ಮೈಕಿನ ಮುಂದೆ ಬಂದಳು. ಅವಳ ಮಗ ಲೇಕ್ ಸ್ಟ್ರೀಟ್ ಶಾಲೆಯಲ್ಲಿ ಒಂದನೇ ತರಗತಿ. ಶಾಲೆ ಉಳಿಸುತ್ತೇನೆಂದು ಅರ್ಲೀನ್ ಬಿಡುವ ಜಾಗಕ್ಕೆ ಚುನಾವಣೆಗೆ ನಿಂತವಳು ಅವಳೇ. ಮೈಕು ಸರಿಮಾಡಿಕೊಳ್ಳಲು ಸಮಯ ಕಳೆಯಲಿಲ್ಲ.

“ಆ ಶುಕ್ರವಾರ ಕೋಸಿನ ಪಲ್ಯ ಬಡಿಸ್ತಾ ಇದ್ದೋಳು ನಾನು. ನೀವು ಮೂರೂ ಜನ ಒಂದೇ ಮೇಜಲ್ಲಿ ಊಟ ಮುಗಿಯೋವರೆಗೂ ಕೂತಿದ್ರಿ. ಮಿಸ್ ಕುಬಿಯಾಕ್, ನೀವು ಯಾವತ್ತೂ ಕೂರದೋರು ಅವತ್ತು ಯಾಕೆ ಕೂತ್ರಿ?”

ರಾಯ್ ಮೊದಲು ಬಾಯಿ ಹಾಕಿದ. ಜೀನ್‌ನ ಹೆಂಡತಿಯ ವರ್ಷದ ದಿನ ಅದು, ಮಾತಾಡಿದ್ದು ಅವಳ ಬಗ್ಗೆ, ಇಂಥದ್ದನ್ನೂ ಕೆದಕುತ್ತೀರಾ ಎಂದ. ಜೀನ್ ತಲೆಯಾಡಿಸಿದ. ಸುಳ್ಳೇನೂ ಅಲ್ಲ. ಕ್ರಿಸ್ಟಾಳ ಮುಖ ಕೆಂಪಾಯಿತು, ಕ್ಷಮಿಸಿ ಎಂದು ಕೂರಲು ಹೊರಟಳು. ಊರಿನವರ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕೆಂಬ ಕಟ್ಟಳೆ ಇಲ್ಲ. ಅಧ್ಯಕ್ಷೆಯಾದವಳು ಮುಂದಿನವರು ಬನ್ನಿ ಎಂದಿದ್ದರೆ ಸಾಕಿತ್ತು.

“ಕೂತ್ಕೋಬೇಡಿ,” ಎಂದಳು ಅರ್ಲೀನ್. “ಊಟ ಮುಗಿಯೋ ಹೊತ್ತಿಗೆ ರಾಯ್ ಕೇಳಿದ್ರು, ಸೋಮವಾರ ಲೇಕ್ ಸ್ಟ್ರೀಟ್ ವಿಷಯ ಮುಗಿಸಿಬಿಡೋಣ ಅಲ್ವಾ ಅಂತ. ಜೀನ್ ಹೌದು ಅಂದ. ನಾನು ಹ್ಞೂಂ ಅಂದೆ. ಅಷ್ಟೇ ಮಾತು. ಆದ್ರೆ ಆ ಮಾತು ಆಗಿದೆ.”

ರಾಯ್ ಚಾವಣಿ ನೋಡಿದ. ಜೀನ್ ಅಕ್ಕನನ್ನು ನೋಡಿದ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ಮಂಡಳಿಯ ವಕೀಲರು ಯೋಚಿಸಿ, ಊರಿಗೆ ತಿಳಿಸದ ಸಭೆ ಅದಾಯಿತು, ಹಳೆಯ ಮತ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ಹೊಸದಾಗಿ ಮತ ಹಾಕಿ ಎಂದರು. ಅಷ್ಟರಲ್ಲಿ ಚುನಾವಣೆ ಬಂತು, ಅರ್ಲೀನಳ ಕುರ್ಚಿಗೆ ಕ್ರಿಸ್ಟಾ ಬಂದಳು, ಹೊಸ ಮತದಾನದಲ್ಲಿ ಒಂದು ಮತದಿಂದ ಶಾಲೆ ಉಳಿಯಿತು. ಜೀನ್‌ನ ಎರಡು ವರ್ಷದ ದುಡಿಮೆ ಕಸದ ಬುಟ್ಟಿಗೆ ಹೋಯಿತು.

ಅರ್ಲೀನ್ ಆ ಮಾತು ಹೇಳಿದ ದಿನ ಸಭೆ ಮುಗಿದಾಗ ಕಾರು ನಿಲ್ಲಿಸುವ ಜಾಗದಲ್ಲಿ ಅವನು ಅಕ್ಕನಿಗೆ ಹೇಳಿದ್ದು ಒಂದೇ ಮಾತು. ನಾನು ನನ್ನ ಕಾರಿನ ಗಾಜಿನ ಹಿಮ ಕೆರೆಯುತ್ತಿದ್ದೆ, ಕಿವಿಗೆ ಬಿತ್ತು.

“ನಾನು ನಿನ್ನ ಕೂತ್ಕೋ ಅಂದಿದ್ದು ಅವಳು ಹೋದ ದಿನ ಅಂತ. ನೀನು ಅದನ್ನ ಊರ ಮುಂದೆ ಸಭೆ ಮಾಡಿಬಿಟ್ಟೆ.”

ಆಮೇಲೆ ಅವನು ಅಕ್ಕನೊಂದಿಗೆ ಮಾತು ಬಿಟ್ಟ. ಕ್ರಿಸ್ಮಸ್ಸಿಗೂ ಕರೆಯಲಿಲ್ಲ. ಈಗ ಅವಳು ಮಂಡಳಿಯಲ್ಲಿರಲಿಲ್ಲ, ಯಾರ ಜೊತೆ ಬೇಕಾದರೂ ಕೂತು ಉಣ್ಣಬಹುದಿತ್ತು, ಕರೆಯುವವನೇ ಇರಲಿಲ್ಲ.

ಇತ್ತ ಲೇಕ್ ಸ್ಟ್ರೀಟಿನ ತಾಯಂದಿರಿಗೆ ಅವಳು ದೇವತೆಯಾದಳು. ಶಾಲೆ ಉಳಿಸಲೆಂದೇ ಬೇಕಂತ ಸತ್ಯ ಹೇಳಿದಳು ಎಂದು ಊರೆಲ್ಲ ಸುದ್ದಿ. ಮನೆಗೆ ಕೇಕು ಹೊತ್ತು ತಂದವರಿಗೆ ಅವಳು ಬಾಗಿಲಲ್ಲೇ ನಿಂತು, “ನಾನು ಮುಚ್ಚೋಕೆ ಓಟು ಹಾಕಿದೋಳು. ಈಗ ಕೇಳಿದ್ರೂ ಮುಚ್ಚಿ ಅಂತೀನಿ,” ಎಂದು ಕಡ್ಡಿ ಮುರಿದಂತೆ ಹೇಳಿದಳು. ಅವರು ನಕ್ಕು, ಎಷ್ಟು ವಿನಯ ಎಂದುಕೊಂಡು ಹೋದರು. ಕೇಕನ್ನು ನನ್ನ ಮನೆಗೆ ದಾಟಿಸಿದಳು. ಚೆನ್ನಾಗಿತ್ತು.

ಶರತ್ಕಾಲದಲ್ಲಿ ಆ ಶಾಲೆಗೆ ಒಂದು ನಕ್ಷತ್ರ ಹೆಚ್ಚಾಯಿತು. ಸರೋವರದ ಕಡೆಯ ಹೊಸ ಮನೆಗೆ ಚೆನ್ನಾಗಿ ಓದುವ ಮಕ್ಕಳ ಒಂದು ಸಂಸಾರ ಬಂದಿತ್ತು, ಅಷ್ಟೇ ಕಾರಣ. ಅದೇ ವರ್ಷ ಪ್ರೌಢಶಾಲೆಯ ವಾದ್ಯವೃಂದ ನಿಂತುಹೋಯಿತು, ಬಸ್ಸುಗಳು ಕಡಿಮೆಯಾದವು. ಜೀನ್ ಹೇಳಿದಂತೆಯೇ ಆಯಿತು. ನಾನು ಹೇಳಿರಲಿಲ್ಲವೇ ಎಂದು ಅವನು ಒಂದು ಸಭೆಯಲ್ಲೂ ಅನ್ನಲಿಲ್ಲ. ಅದನ್ನು ಅವನ ದೊಡ್ಡತನ ಎಂದೇ ನಾನು ಒಪ್ಪುತ್ತೇನೆ, ಉಳಿದ ವಿಷಯದಲ್ಲಿ ಅವನ ಮೇಲೆ ನನಗೆ ಸಿಟ್ಟಿದ್ದರೂ.

ಮರುವರ್ಷದ ಮೀನೂಟ ಬಂತು. ಮೊದಲ ಶುಕ್ರವಾರ ಅರ್ಲೀನ್ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಳು. ಕಾಲು ಅಭ್ಯಾಸಬಲದಿಂದ ಮೂಲೆಯ ಕಡೆ ಹೊರಟಿತ್ತು. ನಿಂತಳು, ತಿರುಗಿದಳು, ಉದ್ದನೆಯ ಮೇಜಿಗೆ ಬಂದಳು. ಜೀನ್ ಇದ್ದ, ಎದುರಿಗೆ ರಾಯ್ ಇದ್ದ. ಕೇಳದೆ ಕೂತಳು. ರಾಯ್ ಹವಾಮಾನದ ಮಾತಾಡಿದ. ಜೀನ್ ಮಾತಾಡಲಿಲ್ಲ, ಆದರೆ ಸೇಬಿನ ಗೊಜ್ಜಿನ ಬಟ್ಟಲನ್ನು ಅವಳ ಕಡೆ ತಳ್ಳಿದ. ನಾನು ಪಕ್ಕದ ಮೇಜಿನಲ್ಲಿ ತಿನ್ನುವುದನ್ನು ಮರೆತು ಕೂತಿದ್ದೆ.

ಆಗ ಕ್ರಿಸ್ಟಾ ಬಂದಳು. ಒಳ್ಳೆಯ ಹುಡುಗಿ, ಯಾರ ಮೇಲೂ ಹಗೆ ಇಲ್ಲದವಳು. ಅರ್ಲೀನಳನ್ನು ಕಂಡ ಖುಷಿಗೆ ಪಕ್ಕದ ಕುರ್ಚಿ ಎಳೆದು ಕೂತೇಬಿಟ್ಟಳು. ಕೂತವಳೇ ರಾಯ್ ಕಡೆ ತಿರುಗಿ, “ಆ ಬಸ್ಸಿಂದು ಏನ್ಮಾಡೋಣ...” ಎಂದು ಶುರುಮಾಡಿದಳು. ಜೀನ್, ರಾಯ್, ಕ್ರಿಸ್ಟಾ. ಮೂವರಾದರು.

ಜೀನ್ ಎದ್ದ. ತನ್ನ ಮೀನು, ತನ್ನ ಬ್ರೆಡ್ಡು, ಕಾಫಿ ಲೋಟ ಎಲ್ಲ ಎತ್ತಿಕೊಂಡ. ಏನಯ್ಯಾ, ನಿನಗೂ ಹಿಡಿಯಿತಾ ಅಕ್ಕನ ಹುಚ್ಚು ಎಂದು ರಾಯ್ ನಕ್ಕ. ಜೀನ್ ಅವನತ್ತ ತಿರುಗಿಯೂ ನೋಡದೆ ಕೋಟು ಕಂಬಿಯ ಮೂಲೆಗೆ ನಡೆದು, ಅರ್ಲೀನಳ ಸಣ್ಣ ಮೇಜಿನ ಮೇಲೆ ತಟ್ಟೆ ಇಟ್ಟ. ಕ್ರಿಸ್ಟಾಗೆ ಅರ್ಥವಾಗಿ ಬಾಯಿ ಮುಚ್ಚಿಕೊಂಡಳು.

ಅರ್ಲೀನ್ ಏಳಬೇಕಾದ ಅಗತ್ಯ ಎಳ್ಳಷ್ಟೂ ಇರಲಿಲ್ಲ. ಕಾನೂನು ಅವಳನ್ನು ಬಿಟ್ಟು ವರ್ಷವಾಗುತ್ತ ಬಂದಿತ್ತು. ಎದ್ದಳು. ಅವಳು ಮೂಲೆ ತಲುಪುವಷ್ಟರಲ್ಲಿ ಜೀನ್ ಗೋಡೆಗೆ ಒರಗಿಸಿದ್ದ ಮಡಿಸುವ ಕುರ್ಚಿಯೊಂದನ್ನು ತಂದು ಬಿಡಿಸಿ ಇಟ್ಟಿದ್ದ. ಯಾರೋ ಹೊರಬಾಗಿಲು ತೆರೆದರು, ಗಾಳಿ ನುಗ್ಗಿತು. ನಾನು ನನ್ನ ಕೋಟು ತೆಗೆದುಕೊಳ್ಳುವ ನೆಪದಲ್ಲಿ ಅತ್ತ ಹೋದೆ. ನನ್ನ ಚಟ ನನಗೆ.

“ಇಲ್ಲಿ ಇಷ್ಟು ಥಂಡಿ ಇರುತ್ತೆ ಅಂತ ಯಾವತ್ತೂ ಹೇಳಲೇ ಇಲ್ವಲ್ಲ, ಲೀನಿ,” ಎಂದ ಜೀನ್.

ಅವಳು ಅವನ ಕೋಟನ್ನು ಕಂಬಿಯಿಂದ ತೆಗೆದು ಅವನ ಹೆಗಲಿಗೆ ಹಾಕಿ, ಕೂತು, ಊಟ ಪೂರ್ತಿ ಮಾಡಿದಳು.