ಐಸ್‌ಕ್ರೀಮ್ ಡಬ್ಬಿಯಲ್ಲಿ ಮಗಳ ಮಾಸು

ಹೆರೆಯಾತಾ ಹುಟ್ಟಿದಾಗ ಹೊಕ್ಕುಳಬಳ್ಳಿಯೊಂದಿಗೆ ಬಿದ್ದ ಅವಳ ಮಾಸನ್ನು ರಾಜಧಾನಿ ಪಪೇಟೆಯ ಯಾವುದೋ ಆಸ್ಪತ್ರೆಯವರು ಕಸದ ಜೊತೆ ಸುಟ್ಟುಬಿಟ್ಟರಂತೆ. ನಮ್ಮ ದ್ವೀಪಗಳಲ್ಲಿ ಇದು ಸಣ್ಣ ಮಾತಲ್ಲ. ಮಗುವಿನ ಮಾಸನ್ನು ಮನೆತನದ ನೆಲದಲ್ಲಿ ಹೂತು ಮೇಲೊಂದು ಗಿಡ ನೆಟ್ಟರೆ ಆ ಮಗು ಆ ನೆಲದ್ದು. ಎಲ್ಲಿ ಅಲೆದರೂ ಕಾಲು ಅಲ್ಲಿಗೇ ಎಳೆಯುತ್ತದೆ. ಮಾಸೇ ಹೊಗೆಯಾಗಿ ಹೋದವಳ ಕಾಲು ಎಲ್ಲಿಗೆ ಎಳೆಯಬೇಕು? ಗಾಳಿ ಬೀಸಿದ ಕಡೆಗೆ. ಅವಳು ಬೆಳೆದ ರೈಯಾತೆಯಾ ದ್ವೀಪದ ಹೆಂಗಸರು ಇದನ್ನು ಅವಳ ಮುಖಕ್ಕೇ ಹೇಳುತ್ತಿದ್ದರು, ಅವಳೂ ಹೌದೆಂದು ನಗುತ್ತಿದ್ದಳು.

ಅವಳನ್ನು ಮೊದಲು ಅಜ್ಜಿಯ ತಂಗಿ ಸಾಕಿದಳು. ಆಮೇಲೆ ಪಾದ್ರಿಯ ಮನೆಯವರು ಕೇಳಿ ಪಡೆದರು; ಮಕ್ಕಳನ್ನು ಹೀಗೆ ಕೇಳಿ ಪಡೆದು ಸಾಕುವುದು ನಮ್ಮಲ್ಲಿ ರೂಢಿ. ಅಲ್ಲಿ ಪ್ರಾರ್ಥನೆ ಹೆಚ್ಚು, ಮೀನು ಕಮ್ಮಿ ಎಂದು ತಾನಾಗಿಯೇ ಎದ್ದು ಬೇಕರಿಯವನ ಮನೆಗೆ ನಡೆದಳು. ಬೇಕರಿಯವನ ಹೆಂಡತಿ ಇವಳಿಗೆ ಅಡುಗೆ ಕಲಿಸಿದಳು, ಬೈಗುಳವನ್ನೂ ಕಲಿಸಿದಳು. ಎರಡರ ಬಲದಿಂದ ಅವಳಿಗೆ ಬಾಡಿಗೆಯ ಹಾಯಿಹಡಗಿನಲ್ಲಿ ಕೆಲಸ ಸಿಕ್ಕಿತು. ದೂರದೇಶದವರು ಹಡಗನ್ನು ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾರೆ, ನೀರು ನೋಡಿ ಬಾಯಿ ಬಿಡುತ್ತಾರೆ, ಬಿಟ್ಟ ಬಾಯಿಗೆ ಹೆರೆಯಾತಾ ಊಟ ಹಾಕುತ್ತಾಳೆ. ಸ್ವಂತ ಮನೆಗಿಂತ ಪರರ ಹಡಗು ವಾಸಿ, ಗುಡಿಸುವ ಜಾಗ ಕಮ್ಮಿ ಎನ್ನುವುದು ಅವಳ ವಾದವಾಗಿತ್ತು.

ಮಗಳು ಹುಟ್ಟಿದ ಗಳಿಗೆಯಿಂದ ಈ ವಾದ ಬಿದ್ದುಹೋಯಿತು. ಹೆರಿಗೆಯ ಮಂಚದ ಮೇಲೆ, ಹೆಣ್ಣೋ ಗಂಡೋ ಎಂದು ಕೇಳುವ ಮೊದಲೇ ಅವಳು ನರ್ಸಿನ ಕೈ ಹಿಡಿದು ಮಾಸಿಗೆ ಡಬ್ಬಿ ಎಲ್ಲಿ ಎಂದು ಕೇಳಿದಳು. ನರ್ಸು ಊರಿನವಳೇ. ಮಾಸನ್ನು ಮಡಚಿ, ಚೀಲದಲ್ಲಿ ಕಟ್ಟಿ ಕೊಟ್ಟಳು. ಅದು ಒಂದು ವೆನಿಲ್ಲಾ ಐಸ್‌ಕ್ರೀಮ್ ಡಬ್ಬಿ ಸೇರಿ, ಗಂಡನ ತಾಯಿ ಮಾಮಾ ರೋಸಳ ಫ್ರೀಜರಿನಲ್ಲಿ ಟ್ಯೂನಾ ತುಂಡುಗಳ ಪಕ್ಕ ಮಲಗಿತು.

ಹೂಳುವುದಾದರೂ ಎಲ್ಲಿ? ಮಾಮಾ ರೋಸಳದು ಬಾಡಿಗೆ ಮನೆ. ಅಂಗಳವೆಲ್ಲ ಸಿಮೆಂಟು. ಇರುವ ನೆಲವೆಂದರೆ ಮೌಪಿತಿ ದ್ವೀಪದಲ್ಲಿ ಹೆರೆಯಾತಾಳ ತೀರಿಹೋದ ಅಪ್ಪನ ಪಾಲು. ಅದೂ ಪಾಲಾಗದ ಪಾಲು. ಅಪ್ಪನ ತಂಗಿ ತೆವೂರಾ ಅತ್ತೆ ಅಲ್ಲಿ ಕಲ್ಲಂಗಡಿ ಬೆಳೆಯುತ್ತಿದ್ದಳು. ಅವಳ ಮಗ ತುವಾರಿ ನೆಲವೆಲ್ಲ ತಮ್ಮದೇ ಎಂದು ಪಪೇಟೆಯ ಕೋರ್ಟಿನಲ್ಲಿ ಹೆರೆಯಾತಾಳ ಎದುರು ನಿಂತಿದ್ದ. ಮೌಪಿತಿಗೆ ಹೋಗುವ ಸರಕು ಹಡಗು ಎಂಜಿನ್ ಕೆಟ್ಟು ಕೂತಿತ್ತು. ವಿಮಾನದ ಟಿಕೆಟ್ಟು ಅಡುಗೆಯವಳಿಗೆ ಎಟುಕುವಂಥದ್ದಲ್ಲ.

ಮಗು ಮೊಯೆಯಾ ಸಂಜೆಯಾದರೆ ಕಿರುಚಿ ಕಿರುಚಿ ನೀಲಿಯಾಗುತ್ತಿತ್ತು. ಮಾಮಾ ರೋಸಳ ಪ್ರಕಾರ ಮಾಸು ಹಿಮಗಟ್ಟಿದರೆ ಮಗುವಿನ ಹೊಟ್ಟೆಗೂ ಶೀತ ಹಿಡಿಯದೆ ಇನ್ನೇನು? ಫ್ರೀಜರಿನ ಬಾಗಿಲು ತೆಗೆದಾಗಲೆಲ್ಲ ಮಗು ಸೀನುವುದನ್ನು ಅವಳು ಸ್ವತಃ ನೋಡಿದ್ದಳಂತೆ.

"ತಗೊಂಡು ಹೋಗಮ್ಮ ಅದನ್ನ," ಎಂದಳು ಒಂದು ದಿನ. "ಮಗು ಅಳೋದು ನಿಲ್ಲತ್ತೆ, ನನ್ನ ಮೀನಿಗೂ ಜಾಗ ಆಗತ್ತೆ."

ಹೆರೆಯಾತಾ ಬಾಣಂತನ ಸಾಕುಮಾಡಿ ಕೆಲಸಕ್ಕೆ ಮರಳಿದ್ದೇ ಇದಕ್ಕೆ. ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ, ಡಬ್ಬಿಯನ್ನು ಹಡಗಿನ ಫ್ರೀಜರಿನ ತಳಕ್ಕೆ ಸೇರಿಸಿದಳು. ಹಡಗು ನಡೆಸುವವನು ತಿಹೋನಿ, ಇಡೀ ಬಂದರಿಗೆ ಮಾವ. ಹೊಟ್ಟೆ ದೊಡ್ಡದು, ಮಾತು ಸಣ್ಣದು. ವಿಷಯ ಕೇಳಿ ಅವನು ತಲೆ ಕೆರೆದುಕೊಂಡು, ಹಿಂದೆ ಇದೇ ಹಡಗಿನಲ್ಲಿ ಅತಿಥಿಗಳ ಹಾಸಿಗೆಯ ಕೆಳಗೆ ಹಂದಿಮರಿ ಸಾಗಿಸಿದ್ದನ್ನು ನೆನೆದ. ಹಂದಿಮರಿಗಾದರೂ ಬಾಯಿ ಇತ್ತು, ಇದಕ್ಕೆ ಇಲ್ಲವಲ್ಲ ಎಂದು ಒಪ್ಪಿಕೊಂಡ.

ಈ ಸಲ ಹಡಗು ಹಿಡಿದವರು ಫ್ರಾನ್ಸಿನ ಹಲ್ಲಿನ ಡಾಕ್ಟರ್ ಲೂಸಿಯಾಂ ಮತ್ತು ಅವನ ಹೆಂಡತಿ ಸೋಲಾಂಜ್. ಅವನಿಗೆ ಮೀನು ಹಿಡಿಯುವ ಹುಚ್ಚು, ಅವಳಿಗೆ ಹಡಗು ಅಲ್ಲಾಡಿದರೆ ಹೊಟ್ಟೆ ತೊಳಸು. ಅವರಿಗೆ ಬೇಕಾಗಿದ್ದು ಬೋರಾಬೋರಾ. ತಿಹೋನಿ ಬೇಡವೆನ್ನಲಿಲ್ಲ. ಬೋರಾಬೋರಾ ಚೆನ್ನಾಗಿದೆ, ಆದರೆ ಅಲ್ಲಿ ಹವಳದ ದಿಬ್ಬದೊಳಗಿನ ಒಳಗಡಲಿನ ನೀರು ಯಾರೋ ಮಿಂದು ಎದ್ದುಹೋದ ತೊಟ್ಟಿಯ ಹಾಗೆ ಬೆಚ್ಚಗಿರುತ್ತದೆ ಎಂದ. ಮೌಪಿತಿಯಲ್ಲಿ ಏನೂ ಇಲ್ಲ, ಹಡಗಿನಗಲದ ಚಪ್ಪಟೆ ತೊರಕೆ ಮೀನುಗಳು ಮೈ ಉಜ್ಜಿಸಿಕೊಳ್ಳಲು ಬರುತ್ತವೆ ಅಷ್ಟೆ, ನೋಡುವಂಥದ್ದೇನಲ್ಲ ಎಂದೂ ಸೇರಿಸಿದ. ಬೋರಾಬೋರಾದಲ್ಲಿ ಒಂದೇ ರಾತ್ರಿ ತಂಗಿದ ಲೂಸಿಯಾಂ, ಬೆಳಿಗ್ಗೆ ತನಗೇ ಹೊಳೆದ ಹಾಗೆ, ಮೌಪಿತಿಗೆ ಹೋಗೋಣ ಎಂದು ಅಪ್ಪಣೆ ಕೊಟ್ಟ.

ಅರ್ಧ ದಾರಿಯಲ್ಲಿ ಫ್ರೀಜರು ಸತ್ತಿತು. ತಿಹೋನಿ ತಂತಿ ಎಳೆದು ನೋಡಿದ, ಒದ್ದು ನೋಡಿದ. ಹೆರೆಯಾತಾ ಉಳಿದ ಮಂಜುಗಡ್ಡೆಯನ್ನೆಲ್ಲ ಪೆಟ್ಟಿಗೆಗೆ ಸುರಿದು, ಮೇಲೆ ಡಬ್ಬಿ ಇಟ್ಟು, ಒದ್ದೆ ಬಟ್ಟೆ ಹೊದಿಸಿದಳು. ಬಿಸಿಲಿಗೆ ಗಡ್ಡೆಗಳು ಕಣ್ಣೆದುರೇ ಸಣ್ಣಗಾದವು. ಇನ್ನು ಡಬ್ಬಿಯನ್ನು ವಾಪಸು ಒಯ್ಯುವ ಮಾತೇ ಇಲ್ಲ. ಇವತ್ತು ನೆಲ ಕಾಣಬೇಕು, ಇಲ್ಲವೇ ಮೀನಿನ ಪಾಲು. ಎದೆ ಬೇರೆ ಕಲ್ಲಿನ ಹಾಗೆ ಬಿಗಿದಿತ್ತು. ಹಡಗಿನ ಹಿಂಬದಿಗೆ ಹೋಗಿ ಹಾಲು ಹಿಂಡಿ ಸಮುದ್ರಕ್ಕೆ ಬಿಟ್ಟಳು. ಮೀನುಗಳಿಗೆ ಒಳ್ಳೆಯ ದಿನ, ಅಂದುಕೊಂಡಳು.

ಕುಪ್ಪಸ ಸರಿಮಾಡಿಕೊಂಡು ಬಂದರೆ ಲೂಸಿಯಾಂ ಡಬ್ಬಿ ತೆಗೆದು ಕೂತಿದ್ದ. ಕೈಯಲ್ಲಿ ಚಾಕು, ಪಕ್ಕದಲ್ಲಿ ಗಾಳ.

"ಇಷ್ಟೊಳ್ಳೆ ಲಿವರ್ ಇಟ್ಕೊಂಡು ಹೇಳೇ ಇಲ್ವಲ್ಲ ನೀನು," ಎಂದ. "ಗಾಳಕ್ಕೆ ಇದಕ್ಕಿಂತ ಬೇಕಾ?"

ಅವಳು ಡಬ್ಬಿ ಕಿತ್ತುಕೊಂಡು ಎದೆಗೆ ಅವುಚಿಕೊಂಡಳು. "ಮುಟ್ಬೇಡಿ. ಅದು ನನ್ನ ಮಗಳದು."

"ಮಗಳು ಲಿವರ್ ತಿಂತಾಳಾ? ಇನ್ನೂ ಹಲ್ಲೇ ಬಂದಿಲ್ಲ ಅಂದಿದ್ಯಲ್ಲ."

ಹೇಳದೆ ಬೇರೆ ದಾರಿಯಿರಲಿಲ್ಲ, ಹೇಳಿದಳು. ಲೂಸಿಯಾಂ ಚಾಕುವನ್ನು ಮೆಲ್ಲಗೆ ಕೆಳಗಿಟ್ಟು, ಕೈಯನ್ನು ಚಡ್ಡಿಗೆ ಒರೆಸಿ, ಮತ್ತೆ ಒರೆಸಿದ. ಒಳಗಿನಿಂದ ಎಲ್ಲ ಕೇಳಿಸಿಕೊಂಡ ಸೋಲಾಂಜ್ ಹೊರಗೆ ಓಡಿಬಂದು, ಎರಡು ದಿನದಿಂದ ಬರದೆ ಸತಾಯಿಸಿದ್ದನ್ನು ಒಂದೇ ಸಲಕ್ಕೆ ಸಮುದ್ರಕ್ಕೆ ಕಕ್ಕಿದಳು. ಮುಖ ತೊಳೆದಾಗ ಬಣ್ಣ ಮರಳಿತ್ತು. ಗಂಡನಿಗೆ ಗಾಳ ಮಡಚಿಡಲು ಹೇಳಿದಳು. ತಿಹೋನಿಗೆ ಬೇಗ ನಡೆಸಲು ಹೇಳಿದಳು.

ಬೇಗ ಬಂದೇನು ಫಲ? ಮೌಪಿತಿಯ ಸುತ್ತ ಹವಳದ ಗೋಡೆ. ಒಳಗೆ ಹೋಗಲು ದಕ್ಷಿಣದಲ್ಲಿ ಇರುವುದೊಂದೇ ಬಾಗಿಲು. ಅಂದು ತೆಂಕಣ ಅಲೆ ಎದ್ದು ಆ ಬಾಗಿಲ ತುಂಬ ಈ ಕಡೆಯಿಂದ ಆ ಕಡೆಗೆ ಬಿಳಿ ನೊರೆ ಮಗುಚುತ್ತಿತ್ತು. ತಿಹೋನಿ ಎಂಜಿನ್ ತಗ್ಗಿಸಿ ಬಹಳ ಹೊತ್ತು ನೋಡಿದ.

"ಆಗಲ್ಲ ಮಗಳೇ. ಈ ಬಾಗಿಲು ಹೆಂಡತಿ ತವರಿನ ಬಾಗಿಲಿದ್ದ ಹಾಗೆ. ಮುಖ ನೋಡಿ ಒಳಗೆ ಹೋಗ್ಬೇಕು. ಇವತ್ತು ಮುಖ ಚೆನ್ನಾಗಿಲ್ಲ."

ಆಚೆ ಅಪ್ಪನ ನೆಲದ ತೆಂಗಿನ ತಲೆಗಳು ಕಾಣುತ್ತಿದ್ದವು. ಡಬ್ಬಿಯ ತಳದಿಂದ ಅವಳ ಮೊಣಕೈಗೆ ತಣ್ಣನೆಯ ನೀರು ಇಳಿಯುತ್ತಿತ್ತು. ಈ ಅಲೆಯಲ್ಲೂ ಒಳಗೆ ಹೊರಗೆ ಓಡಾಡುವ ದೋಣಿ ಎಂದರೆ ಹಾರುಮೀನು ಬೇಟೆಯವರದು. ಆ ಊರಿನಲ್ಲಿ ಅವಳಿಗೆ ಗೊತ್ತಿದ್ದ ಹಾರುಮೀನು ಬೇಟೆಗಾರ ಒಬ್ಬನೇ. ಕೋರ್ಟಿನ ಮೆಟ್ಟಿಲ ಮೇಲೆ ಅವನನ್ನು ಹಂದಿಗೆ ಹೋಲಿಸಿದ ಮೇಲೆ ಮಾತು ನಿಂತಿತ್ತು. ಅವಳು ತುವಾರಿಗೆ ಫೋನ್ ಮಾಡಿ, ಕಾರಣ ಹೇಳದೆ ಬಾ ಎಂದಳು.

ಅವನು ಬಂದ. ಹಾರುಮೀನಿನ ದೋಣಿಗೆ ಚುಕ್ಕಾಣಿ ಮುಂದೆಯೇ; ಅವನು ದೋಣಿಯ ಮೂತಿಯಲ್ಲೇ ನಿಂತು, ಒಂದು ಕೈಯಲ್ಲಿ ಅದರ ಕೋಲು ಹಿಡಿದು, ನೊರೆಯ ಮೇಲೆ ಕಪ್ಪೆಯಂತೆ ಹಾರುತ್ತಾ ಬಂದು ಹಡಗಿನ ಮಗ್ಗುಲಿಗೆ ಬಿದ್ದ.

"ಏನು ಅಡುಗೆಯಮ್ಮ, ಉಪ್ಪು ಖಾಲಿಯಾಯ್ತಾ?"

"ಮಗಳ ಮಾಸು ತಂದಿದೀನಿ. ಅಪ್ಪನ ನೆಲದಲ್ಲಿ ಹೂಳ್ಬೇಕು."

ತುವಾರಿಯ ನಗು ಅಲ್ಲೇ ನಿಂತಿತು. ಹೂತ ಮಾಸನ್ನು ನಮ್ಮಲ್ಲಿ ಯಾರೂ ಕೀಳುವುದಿಲ್ಲ, ಅದರ ಮೇಲಿನ ಗಿಡವನ್ನು ಯಾರೂ ಕಡಿಯುವುದಿಲ್ಲ. ಅದು ನೆಲಕ್ಕೆ ಸೇರಿತೆಂದರೆ ಮಗುವಿನ ಹಕ್ಕೂ ಸೇರಿತು. ಕೋರ್ಟು ಏನೇ ಹೇಳಲಿ, ಊರು ಅದನ್ನೇ ಹೇಳುತ್ತದೆ. ಇದು ಅವನಿಗೂ ಗೊತ್ತು, ಅವಳಿಗೂ ಗೊತ್ತು.

"ನನ್ನ ವಿರುದ್ಧ ಸಾಕ್ಷೀನ ನನ್ನ ದೋಣೀಲೇ ಸಾಗಿಸ್ಬೇಕಾ?"

"ಬೇರೆ ದೋಣಿ ಇದ್ದಿದ್ರೆ ನಿನ್ನ ಮುಖ ಯಾಕೆ ನೋಡ್ತಿದ್ದೆ?"

ಅವನು ಉಗುಳಿದ. ಆಮೇಲೆ ಕೈ ಚಾಚಿ, ಡಬ್ಬಿ ಕೊಡು, ನಾನೇ ಹೂಳುತ್ತೇನೆ ಎಂದ. ಅವಳು ಕೊಡಲಿಲ್ಲ. ಕೊಡದ ಕಾರಣವನ್ನು ಅವಳ ಮುಖದಲ್ಲಿ ಓದಿಕೊಂಡವನಿಗೆ ಕೋರ್ಟಿನ ಮೆಟ್ಟಿಲ ಮೇಲೆ ಆಗದಿದ್ದ ನೋವು ಈಗ ಆಯಿತು.

"ನನಗೂ ಮೂರು ಮಕ್ಕಳಿವೆ ಕಣೇ. ಮಾಸನ್ನ ನೀರಿಗೆ ಎಸೆಯೋನ ಹಾಗೆ ಕಾಣ್ತೀನಾ?"

"ಗೊತ್ತಿಲ್ಲ," ಎಂದಳು ಹೆರೆಯಾತಾ. "ಅದಕ್ಕೇ ನಾನೂ ಬರ್ತೀನಿ."

ಅತಿಥಿಗಳನ್ನು ಬಿಟ್ಟು ಅಡುಗೆಯವಳು ಹಡಗು ಇಳಿಯುವ ಹಾಗಿಲ್ಲ. ತಿಹೋನಿ ಅತಿಥಿಗಳ ಕಡೆ ತಿರುಗಿ, ತನಗೆ ಫಿಯು ಆಗಿದೆ ಎಂದು ಗಂಭೀರವಾಗಿ ತಿಳಿಸಿದ. ಫಿಯು ಎಂದರೆ ಸಾಕಪ್ಪಾ ಸಾಕು ಎನ್ನಿಸುವುದು. ಜ್ವರಕ್ಕೆ ಮಾತ್ರೆಯಿದೆ, ಇದಕ್ಕಿಲ್ಲ. ಆದವನನ್ನು ನಮ್ಮ ದ್ವೀಪಗಳಲ್ಲಿ ಯಜಮಾನನೂ ಪ್ರಶ್ನಿಸುವುದಿಲ್ಲ. ತಾನು ಹಡಗನ್ನು ಇಲ್ಲೇ ತೇಲಿಸಿಕೊಂಡು ಮಲಗುತ್ತೇನೆ, ತೆಂಗಿನ ಹಾಲಿನ ಹಸಿಮೀನು ಬಟ್ಟಲಲ್ಲಿದೆ, ಬಡಿಸಿಕೊಳ್ಳಿ ಎಂದ. ಲೂಸಿಯಾಂ ಏನೋ ಹೇಳಹೊರಟ. ಸೋಲಾಂಜ್ ಅವನ ಕೈಗೆ ಬಟ್ಟಲು ಕೊಟ್ಟಳು.

ಹೆರೆಯಾತಾ ಡಬ್ಬಿಯನ್ನು ಹೊಟ್ಟೆಗೆ ಬಟ್ಟೆಯಿಂದ ಬಿಗಿದುಕೊಂಡು ಹಾರಿದಳು. ಬಾಗಿಲಲ್ಲಿ ತುವಾರಿ ಮುಂದೆ ಹೋದ ಅಲೆಯ ಬೆನ್ನಿಗೆ ಅಂಟಿಕೊಂಡು, ಹಿಂದೆ ಬರುವುದರ ಬಾಯಿಗೆ ಸಿಗದ ಹಾಗೆ ದೋಣಿ ಓಡಿಸಿದ. ಎರಡು ಕಡೆಯೂ ನೀರು ಗೋಡೆಯಂತೆ ಎದ್ದಿತ್ತು. ಅವಳಿಗೆ ತಿಳಿದ ಪ್ರಾರ್ಥನೆಯೂ ಬೈಗುಳವೂ ಒಟ್ಟಿಗೇ ಬಾಯಿಗೆ ಬಂದವು; ಯಾವುದು ಫಲಿಸಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಒಳಗಡಲು ತಟ್ಟೆಯಲ್ಲಿಟ್ಟ ಹಾಗೆ ಸುಮ್ಮನಿತ್ತು.

ತೆವೂರಾ ಅತ್ತೆ ಕಲ್ಲಂಗಡಿ ಸಾಲಿನಲ್ಲಿ ಬಗ್ಗಿದ್ದಳು. ಸೊಂಟ ನೆಟ್ಟಗೆ ಮಾಡಿ, ತೆಂಗಿನ ಗರಿಯ ಟೊಪ್ಪಿ ಹಿಂದೆ ಸರಿಸಿ ನೋಡಿದಳು.

"ಅಣ್ಣನ್ನ ಮಣ್ಣು ಮಾಡೋಕೆ ಬರಲಿಲ್ಲ. ಈಗ ಡಬ್ಬಿ ಹಿಡ್ಕೊಂಡು ಬಂದ್ಯಾ?"

ಅಪ್ಪ ಸತ್ತದ್ದು ಹೆರೆಯಾತಾಳಿಗೆ ತಿಳಿದದ್ದೇ ತಡವಾಗಿ. ಅದನ್ನು ಹೇಳಿದರೆ ತಿಳಿಸದವರು ಯಾರು ಎಂಬ ಮಾತು ಬರುತ್ತದೆ, ಅದು ಇನ್ನೊಂದು ಜಗಳ. ಅವಳು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಳು. ಅತ್ತೆ ಬಗ್ಗಿ ಮೂಸಿದಳು, ಇನ್ನೂ ಕೆಟ್ಟಿಲ್ಲ ಎಂದಳು.

ತುವಾರಿ ತಡಮಾಡದೆ ಜಾಗ ತೋರಿಸಿದ. ಬೇಲಿಯ ಮೂಲೆ, ಹಂದಿಗೂಡಿನ ಪಕ್ಕ.

"ಹಂದಿ ಕೆದಕಲ್ವಾ?" ಎಂದಳು ಹೆರೆಯಾತಾ.

"ಕೆದಕಿದ್ರೆ ನಾನೇನು ಮಾಡ್ಲಿ? ಹಂದಿಗೆ ಕೋರ್ಟ್ ನೋಟಿಸ್ ಕಳ್ಸು."

ಅತ್ತೆ ಗುದ್ದಲಿ ಎತ್ತಿಕೊಂಡಳು. ಒಂದು ಗಳಿಗೆ ಅದು ಯಾರ ತಲೆಯ ಮೇಲೆ ಬೀಳುತ್ತದೋ ಇಬ್ಬರಿಗೂ ಗೊತ್ತಾಗಲಿಲ್ಲ.

"ನಿನ್ನದನ್ನ ಆ ತೆಂಗಿನ ಬುಡದಲ್ಲಿ ಹೂತಿದೀನಿ," ಎಂದಳು ಮಗನಿಗೆ. "ನನ್ನದು, ನಮ್ಮಣ್ಣಂದು ಅಲ್ಲೇ ದೀವಿಹಲಸಿನ ಕೆಳಗಿದೆ. ನಮ್ಮನೇಲಿ ಯಾರ ಮಾಸೂ ಹಂದಿ ಪಕ್ಕ ಹೋಗಿಲ್ಲ. ನಿನ್ನ ಬಾಯಿ ನೋಡಿದ್ರೆ ನಿನ್ನದನ್ನ ಅಲ್ಲೇ ಹಾಕ್ಬೇಕಿತ್ತು."

ಸಾಲಿನ ನಡುವೆ, ಕಾಯಿ ಹಿಡಿದಿದ್ದ ಬಳ್ಳಿಯೊಂದನ್ನು ಕಿತ್ತು ಬದಿಗೆ ಎಸೆದು ಅವಳು ಅಗೆಯತೊಡಗಿದಳು. ಮರಳು ಜಾರಿ ಜಾರಿ ಗುಂಡಿ ಮುಚ್ಚುತ್ತಿತ್ತು. ಹೆರೆಯಾತಾ ಮೊಣಕಾಲೂರಿ ಕೈಯಿಂದ ಬಾಚಿದಳು. ಏಡಿ ತೋಡದಷ್ಟು ಆಳವಾದ ಮೇಲೆ ಮಾಸನ್ನು ಡಬ್ಬಿಯಿಂದ ತೆಗೆದು ಎಲೆಯ ಮೇಲೆ ಮಲಗಿಸಿದರು. ಅದರ ಮೇಲೆ ಮರಳು, ಮರಳ ಮೇಲೆ ಹವಳದ ಕಲ್ಲು. ಗಿಡ ತರುವುದನ್ನು ಹೆರೆಯಾತಾ ಮರೆತಿದ್ದಳು. ಅತ್ತೆ ಗೊಣಗುತ್ತಾ ಹೋಗಿ ದೀವಿಹಲಸಿನ ಬೇರುಮರಿಯೊಂದನ್ನು ಕಿತ್ತು ತಂದು ಊರಿದಳು. ಅದಕ್ಕಿದ್ದದ್ದು ಎರಡೇ ಎಲೆ, ಒಂದು ಹರಿದಿತ್ತು.

ಅದನ್ನು ನೋಡುತ್ತಾ ನಿಂತ ಹೆರೆಯಾತಾಳ ಕುಪ್ಪಸದ ಮುಂಭಾಗ ಒದ್ದೆಯಾಯಿತು. ತುವಾರಿ ಆಕಾಶ ನೋಡಿದ.

"ಹಾಲು ಬಟ್ಟೆಗ್ಯಾಕೆ?" ಎಂದಳು ಅತ್ತೆ. "ಇಲ್ಲೇ ಹಿಂಡು. ಗಿಡ ಏನು ಬೇಡ ಅನ್ನತ್ತಾ?"

ಅವಳು ತುವಾರಿಗೆ ಬೆನ್ನು ಮಾಡಿ ಕೂತು ಹಿಂಡಿದಳು. ಬಿಸಿ ಮರಳು ಹಾಲನ್ನು ಸದ್ದಿಲ್ಲದೆ ಕುಡಿಯಿತು. ಆಗ ಮಾತ್ರ ಅವಳಿಗೆ ಅಳು ಬಂತು, ಬಂದಷ್ಟೇ ಬೇಗ ಹೋಯಿತು. ಹಡಗಿನಲ್ಲಿ ಇಬ್ಬರು ಅತಿಥಿಗಳು ಕಾಯುತ್ತಿದ್ದರು, ಸಂಜೆಗೆ ಏನು ಬೇಯಿಸುವುದೆಂದು ಇನ್ನೂ ಗೊತ್ತಾಗಿರಲಿಲ್ಲ.

ದೋಣಿಯ ಕಡೆ ನಡೆಯುವಾಗ ಅತ್ತೆ ಹಿಂದಿನಿಂದ ಕೂಗಿದಳು.

"ಮರಳು ನೆಲ, ಬೇಸಗೇಲಿ ಒಣಗತ್ತೆ. ನೀರು ಹಾಕೋಕೆ ನಾನೇನು ನಿನ್ನ ಮಗಳ ತೋಟದ ಆಳಾ? ಬಂದು ಹಾಕು. ಅವಳನ್ನೂ ಕರ್ಕೊಂಡು ಬಾ."

ತುವಾರಿ ತಟ್ಟನೆ ತಿರುಗಿದ. "ಅಮ್ಮಾ, ಯಾರ ತೋಟ ಅಂದೆ?"

"ದೋಣಿ ತೆಗಿಯೋ," ಎಂದಳು ಅತ್ತೆ. ಟೊಪ್ಪಿ ಮುಂದಕ್ಕೆ ಎಳೆದುಕೊಂಡು ಮತ್ತೆ ಬಳ್ಳಿಗಳ ನಡುವೆ ಬಗ್ಗಿದಳು.

ತುವಾರಿ ಒಳಗಡಲು ದಾಟಿ ಬಾಗಿಲ ಹತ್ತಿರ ಬಂದು, ಅಲೆಗಳನ್ನು ಎಣಿಸುತ್ತಾ ದೋಣಿ ನಿಲ್ಲಿಸಿದಾಗ, ತಿರುಗದೆಯೇ ಕೇಳಿದ.

"ಹೆಸರೇನು ಮಗೂದು?"

"ಮೊಯೆಯಾ. ಯಾಕೆ?"

"ನಮ್ಮ ವಕೀಲನಿಗೆ ಹೇಳ್ಬೇಕಲ್ಲ," ಎಂದ ತುವಾರಿ. "ಹೊಸ ಪಾಲುದಾರಳು ಬಂದಿದ್ದಾಳೆ ಅಂತ. ಗಟ್ಟಿಯಾಗಿ ಹಿಡ್ಕೋ."